ಅಂಬಾಸಿಡರ್‌ಗೆ ಮನೆಯಲ್ಲೇ ಹೊಸ ಬಾನೆಟ್: ಹಳೆಯದಕ್ಕೆ ಗರಗಸ ಮುಟ್ಟಿಸದೆ

ಚಾರ್ಮಾಡಿ ಘಾಟಿಯಲ್ಲಿ ಬಾನೆಟ್ ಎತ್ತಿ ನಿಂತ ಅಂಬಾಸಿಡರ್ ನೋಡದೆ ಬೆಳೆದವರು ನಮ್ಮ ತಲೆಮಾರಿನಲ್ಲಿ ಕಡಿಮೆ. ಅಪ್ಪ ನೀರಿನ ಕ್ಯಾನ್ ಹಿಡಿದು ರೇಡಿಯೇಟರ್ ತಣಿಯಲಿ ಎಂದು ಕಾಯುತ್ತಿದ್ದರು. ಫ್ಯುಯೆಲ್ ಪಂಪಿನ ಮೇಲೆ ಒದ್ದೆ ಬಟ್ಟೆ. ನಾವು ಹಿಂದಿನ ಸೀಟಿನಲ್ಲಿ ಚಕ್ಕುಲಿ ಮುಗಿಸುತ್ತಿದ್ದೆವು. ಅದೇ ಕಾರು, 1978ರ ಮಾರ್ಕ್ 3, ಈಗ ನನ್ನ ಶೆಡ್ಡಿನಲ್ಲಿದೆ. 1489 ಸಿಸಿಯ ಇಂಜಿನ್ ಬದಲಾಗಿಲ್ಲ. ಅದರ ಕಾವೂ ಬದಲಾಗಿಲ್ಲ.

ಆ ಕಾವು ಹೊರಹೋಗಲು ಬಾನೆಟ್ಟಿನಲ್ಲಿ ಮೀನಿನ ಕಿವಿರಿನಂಥ ಸೀಳುಗಳು, ಅಂದರೆ ಲೂವರ್, ಬೇಕು ಎನ್ನಿಸಿತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರೇಡಿಯೇಟರ್ ಕಟ್ಟಿಕೊಂಡಿದ್ದರೆ, ಥರ್ಮೋಸ್ಟಾಟ್ ಕೆಟ್ಟಿದ್ದರೆ ಅದನ್ನು ಸರಿಮಾಡಿಸಿ. ಲೂವರ್ ಅದಕ್ಕೆ ಮದ್ದಲ್ಲ. ಅದು ಬಿಸಿಗಾಳಿಗೆ ದಾರಿ ಬಿಡುತ್ತದೆ, ಅಷ್ಟೇ.

ಗ್ಯಾರೇಜಿನವರು ಇರುವ ಬಾನೆಟ್ಟನ್ನೇ ಕತ್ತರಿಸೋಣ ಎಂದರು. ನಾನು ಒಪ್ಪಲಿಲ್ಲ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ತುಕ್ಕು ಹಿಡಿಯದ ಹಳೆ ಬಾನೆಟ್ ಸಿಗುವುದು ಕಷ್ಟ. ಇನ್ನೊಂದು ಕಾರಣವೂ ಇದೆ. ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ತಂದಿತು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಗಾಡಿಗೆ ಮಾತ್ರ ಆ ಮರ್ಯಾದೆ. ಚಾಸಿ, ಬಾಡಿ, ಇಂಜಿನ್ ಮಾರ್ಪಡಿಸಿದ್ದರೆ ಇಲ್ಲ. ನನ್ನ ಕಾರಿಗೆ 2028ಕ್ಕೆ 50 ತುಂಬುತ್ತದೆ. ಹಾಗಾಗಿ ಹಳೆಯದನ್ನು ಎತ್ತಿಟ್ಟು, ಅದರ ಅಚ್ಚು ತೆಗೆದು, ಫೈಬರ್ ಗ್ಲಾಸಿನಲ್ಲಿ ಹೊಸದು ಮಾಡುವುದೇ ದಾರಿ. ಬೇಕೆಂದಾಗ ಮೂಲ ಬಾನೆಟ್ ವಾಪಸ್ ಕೂರಿಸಬಹುದು. ತಗಡಿನಲ್ಲೇ ಮಾಡಬಾರದೇ? ಮಾಡಬಹುದು. ಆದರೆ ಅಂಬಾಸಿಡರಿನ ಆ ದುಂಡನೆ ಉಬ್ಬನ್ನು ಬಡಿದು ತೆಗೆಯಲು ವರ್ಷಗಟ್ಟಲೆ ಪಳಗಿದ ಕೈ ಬೇಕು.

ಹೊಸ ಬಾನೆಟ್ಟಿಗೆ ಆರ್‌ಸಿಯಲ್ಲಿರುವ ಬಣ್ಣವನ್ನೇ ಹಚ್ಚಿ. ಆರ್‌ಸಿಯ ವಿವರಕ್ಕೆ ಹೊಂದದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಆರ್‌ಟಿಒ ಕಚೇರಿಯಲ್ಲಿ ಒಮ್ಮೆ ಕೇಳಿ, ವಿಮೆಯವರಿಗೂ ತಿಳಿಸಿಬಿಡಿ.

ಯಾವಾಗ, ಏನೇನು

ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಗಾಜಿನ ನಾರಿನ ಮ್ಯಾಟ್ ತೇವ ಕುಡಿಯುತ್ತದೆ, ಅದಕ್ಕೆ ಬಳಿಯುವ ರೆಸಿನ್ ಎಂಬ ಅಂಟುದ್ರವ ಸರಿಯಾಗಿ ಗಟ್ಟಿಯಾಗುವುದಿಲ್ಲ. 15 ಡಿಗ್ರಿಗಿಂತ ಕೆಳಗಿನ ಚಳಿಯೂ ಆಗದು. ಸಂಕ್ರಾಂತಿ ಆಸುಪಾಸಿನ ಒಣ ಹಗಲು ಒಳ್ಳೆಯದು.

ಬೇಕಾಗುವುದು ಪಾಲಿಯೆಸ್ಟರ್ ರೆಸಿನ್, ಜೆಲ್‌ಕೋಟ್ (ನುಣುಪಾದ ಹೊರಮೈ ಕೊಡುವ ದಪ್ಪ ರೆಸಿನ್), 300 ಮತ್ತು 450 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಮ್ಯಾಟ್, ಅಚ್ಚು ಅಂಟದಂತೆ ಹಚ್ಚುವ ಮೋಲ್ಡ್ ವ್ಯಾಕ್ಸ್, ಅದರ ಮೇಲೆ ತೆಳು ಪೊರೆ ಕಟ್ಟುವ ಪಿವಿಎ ದ್ರವ, ಬ್ರಷ್, ಗಾಳಿ ತೆಗೆಯುವ ಲೋಹದ ರೋಲರ್. ನಮ್ಮ ಅಂಗಡಿಗಳಲ್ಲಿ ರೆಸಿನ್ ಜೊತೆ ಎರಡು ಸಣ್ಣ ಬಾಟಲಿ ಕೊಡುತ್ತಾರೆ. ಒಂದು ರೆಸಿನ್ ಬೇಗ ಗಟ್ಟಿಯಾಗಲು ನೆರವಾಗುವ ನೇರಳೆ ಬಣ್ಣದ ಕೋಬಾಲ್ಟ್, ಇನ್ನೊಂದು ನೀರಿನಂಥ ಎಂಇಕೆಪಿ ಎಂಬ ಹಾರ್ಡ್‌ನರ್. ಈ ಎರಡನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸ್ಫೋಟವಾಗಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಪೂರ್ತಿ ಕಲಸಿ. ಹಾರ್ಡ್‌ನರ್ ಆಮೇಲೆ. ಎರಡಕ್ಕೂ ಒಂದೇ ಚಮಚ ಬಳಸಬೇಡಿ, ಬಾಟಲಿಗಳನ್ನು ಒಂದೇ ಕಪಾಟಿನಲ್ಲೂ ಇಡಬೇಡಿ. ಎಂಇಕೆಪಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಗ್ಲೌಸ್, ರಾಸಾಯನಿಕ ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್ ಹಾಕಿಕೊಂಡೇ ಕೂರಿ. ಬಟ್ಟೆಯ ಮಾಸ್ಕ್ ಸುಮ್ನೆ. ಗಾಳಿಯಾಡುವ ಜಾಗ ಇರಲಿ, ಹತ್ತಿರ ಬೆಂಕಿ, ಬೀಡಿ ಯಾವುದೂ ಬೇಡ.

ಲೂವರ್ ಎಲ್ಲಿ?

ಕಾರು ಓಡುವಾಗ ವಿಂಡ್‌ಶೀಲ್ಡಿನ ಬುಡದಲ್ಲಿ ಗಾಳಿಯ ಒತ್ತಡ ಜಾಸ್ತಿ. ಅಲ್ಲಿ ತೂತು ಮಾಡಿದರೆ ಗಾಳಿ ಹೊರಗೆ ಹೋಗುವ ಬದಲು ಒಳಗೆ ನುಗ್ಗುತ್ತದೆ. 1970ರ ಷೆವ್ರೊಲೆ ಷೆವೆಲ್ ಎಂಬ ಅಮೆರಿಕದ ಕಾರಿನಲ್ಲಿ ಕಾರ್ಬುರೇಟರಿಗೆ ತಣ್ಣನೆ ಗಾಳಿ ಎಳೆಯಲು ಬೇಕಂತಲೇ ಅಲ್ಲಿ ಬಾಗಿಲು ಕೊಟ್ಟಿದ್ದರು. ನಮಗೆ ಬೇಕಿರುವುದು ಅದರ ಉಲ್ಟಾ. ಆದ್ದರಿಂದ ಗಾಜಿನಿಂದ ದೂರ, ಬಾನೆಟ್ಟಿನ ಮುಂದಿನ ಅರ್ಧದಲ್ಲಿ, ಎಡಬಲಕ್ಕೆ ಐದೈದು ಸೀಳು. ಆದರೆ ಇದು ಮಲೆನಾಡಿನ ಮಳೆಗೂ ಹೋಗುವ ಕಾರು. ಸೀಳಿನ ಕೆಳಗೆ ಇಂಜಿನ್ನಿಗೆ ಕಿಡಿ ಕೊಡುವ ಡಿಸ್ಟ್ರಿಬ್ಯೂಟರ್ ಅಥವಾ ಕಾಯಿಲ್ ಬಂದು ಒದ್ದೆಯಾದರೆ ಆಗುಂಬೆಯಲ್ಲಿ ಇನ್ನೊಂದು ಕಾರಣಕ್ಕೆ ಬಾನೆಟ್ ಎತ್ತಬೇಕಾಗುತ್ತದೆ. ಮೊದಲು ರಟ್ಟಿನಲ್ಲಿ ಕತ್ತರಿಸಿ, ಇಟ್ಟು ನೋಡಿ, ಇಂಜಿನ್ ಕಡೆಯಿಂದಲೂ ಅಳತೆ ಮಾಡಿ.

ಅಚ್ಚು

ಹಿಂಜ್ ಸುತ್ತ ಮಾರ್ಕರಿನಿಂದ ಗೆರೆ ಎಳೆದುಕೊಂಡು, ಇಬ್ಬರು ಹಿಡಿದು ಬಾನೆಟ್ ಇಳಿಸಿ. ಹಳೆ ಟೈರುಗಳ ಮೇಲೆ ಕೂರಿಸಿ, ತೊಳೆದು ಒಣಗಿಸಿ. ತಗ್ಗುಗಳಿದ್ದರೆ ಈಗಲೇ ತುಂಬಿ. ಅಚ್ಚು ಸುಳ್ಳು ಹೇಳುವುದಿಲ್ಲ, ಉಗುರಿನ ಗೀರನ್ನೂ ಎತ್ತಿ ತೋರಿಸುತ್ತದೆ.

ಲೂವರಿಗೆ ಮರದ ಬೆಣೆಗಳು ಬೇಕು. ಮುಂದಿನ ಅಂಚು ಬಾನೆಟ್ಟಿಗೆ ಸಮ, ಹಿಂದಿನ ಅಂಚು 12ರಿಂದ 15 ಮಿಲಿಮೀಟರ್ ಎತ್ತರ. ಯಾವ ಗೋಡೆಯೂ ನೆಟ್ಟಗಿರಬಾರದು, ಒಂದಿಷ್ಟು ಓರೆಯಾಗಿರಲಿ. ಇಲ್ಲದಿದ್ದರೆ ಅಚ್ಚು ಬಿಡುವುದಿಲ್ಲ. ಮರಕ್ಕೆ ಎರಡು ಕೋಟ್ ವಾರ್ನಿಷ್ ಕೊಟ್ಟು, ಎರಡೂ ಕಡೆ ಅಂಟುವ ಟೇಪಿನಿಂದ ಕೂರಿಸಿ, ಸಂದಿಗೆ ಆಟದ ಜೇಡಿ ತುಂಬಿ. ನಾನು ಮೊದಲ ಸಲ ಬೆಣೆಗಳನ್ನು ಥರ್ಮಾಕೋಲಿನಲ್ಲಿ ಕೊರೆದಿದ್ದೆ. ಬಲು ಸುಲಭ, ಬಲು ಅಂದ. ರೆಸಿನ್ ತಾಗಿದ ಕೆಲವೇ ನಿಮಿಷಕ್ಕೆ ಬಿಸಿಲಿಗಿಟ್ಟ ಬೆಣ್ಣೆಯ ಹಾಗೆ ಕರಗಿಹೋಯಿತು. ರೆಸಿನ್ನಿನಲ್ಲಿರುವ ಸ್ಟೈರೀನ್ ಥರ್ಮಾಕೋಲನ್ನು ತಿಂದುಬಿಡುತ್ತದೆ. ಎರಡು ದಿನ ಕೆರೆದೆ.

ಬಾನೆಟ್ಟಿನ ಅಂಚು ಒಳಕ್ಕೆ ಮಡಚಿಕೊಂಡಿರುತ್ತದೆ. ರೆಸಿನ್ ಅಲ್ಲಿಗೆ ಸುತ್ತಿಕೊಂಡರೆ ಅಚ್ಚು ಸಿಕ್ಕಿಹಾಕಿಕೊಂಡಂತೆ. ಸುತ್ತಲೂ ಹಾರ್ಡ್‌ಬೋರ್ಡ್ ಪಟ್ಟಿ ಇಟ್ಟು, 50 ಮಿಲಿಮೀಟರ್ ಅಗಲದ ದಂಡೆ ಮಾಡಿ.

ಈಗ ವ್ಯಾಕ್ಸ್. ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವವರು ಮರದ ಅಚ್ಚನ್ನು ನೀರಲ್ಲಿ ನೆನೆಸದೆ ಪಾಕ ಹೊಯ್ಯುವುದಿಲ್ಲ, ಅಲ್ವಾ? ಇದೂ ಹಾಗೆಯೇ. ಐದಾರು ಸಲ ವ್ಯಾಕ್ಸ್ ಹಚ್ಚಿ. ಪ್ರತಿ ಸಲವೂ ಉಜ್ಜಿ ಹೊಳಪು ತಂದು, ಒಂದು ಗಂಟೆ ಬಿಡಿ. ಮೇಲೆ ಪಿವಿಎ ಸಿಂಪಡಿಸಿ ತೆಳು ಪೊರೆ ಒಣಗಲು ಬಿಡಿ. ಹಳೆ ಪೇಂಟಿಗೆ ಈ ಪೊರೆಯೇ ಕವಚ. ಕಣ್ಣಿಗೆ ಬೀಳದ ಮೂಲೆಯಲ್ಲಿ ಅಂಗೈಯಗಲ ರೆಸಿನ್ ಹಚ್ಚಿ, ಸಲೀಸಾಗಿ ಬಿಡುತ್ತದೆಯೇ ಎಂದು ಪರೀಕ್ಷೆ ಮಾಡಿದ ಮೇಲೆಯೇ ಮುಂದುವರಿಯಿರಿ. ಇಡೀ ಕೆಲಸದಲ್ಲಿ ಅತಿ ಬೇಸರದ್ದು ಈ ಹಂತ. ಇಲ್ಲಿ ಅವಸರ ಮಾಡಿದವರ ಬಾನೆಟ್ಟೂ ಅಚ್ಚೂ ಒಂದೇ ಆಗಿ ಗುಜರಿಗೆ ಹೋಗುತ್ತವೆ.

ಜೆಲ್‌ಕೋಟಿಗೆ ತೂಕದ ಶೇ 1ರಿಂದ 2ರಷ್ಟು ಹಾರ್ಡ್‌ನರ್ ಬೆರೆಸಿ, ಅರ್ಧ ಮಿಲಿಮೀಟರಿಗಿಂತ ತುಸು ದಪ್ಪ ಬಳಿಯಿರಿ. ಮುಟ್ಟಿದರೆ ಜಿಗುಟಿರಬೇಕು, ಬೆರಳಿಗೆ ಮಾತ್ರ ಮೆತ್ತಬಾರದು. ಆಗ ಮೊದಲು 300ರ ಒಂದು ಪದರ, ಮೇಲೆ 450ರ ನಾಲ್ಕು. ಬಾನೆಟ್ ಸುಮಾರು ಒಂದೂವರೆ ಚದರ ಮೀಟರ್ ಎಂದಿಟ್ಟುಕೊಳ್ಳಿ. 450ರ ಒಂದು ಪದರಕ್ಕೆ 675 ಗ್ರಾಂ ಮ್ಯಾಟ್, ಅದಕ್ಕೆ ಒಂದೂವರೆ ಕಿಲೋ ರೆಸಿನ್. ಮ್ಯಾಟಿನ ಬಿಳುಪು ಹೋಗಿ ಪಾರದರ್ಶಕವಾಗುವವರೆಗೆ ಬ್ರಷ್ಷಿನಿಂದ ಕುಟ್ಟಿ, ರೋಲರಿನಿಂದ ಗುಳ್ಳೆ ಓಡಿಸಿ. ದಿನಕ್ಕೆ ಎರಡೇ ಪದರ. ಒಂದೇ ಸಲ ಪೇರಿಸಿದರೆ ರೆಸಿನ್ ತಾನೇ ಕಾದು ಸೊಟ್ಟಗಾಗುತ್ತದೆ. ಡಬ್ಬಿಯಲ್ಲಿ ಉಳಿದ ರೆಸಿನ್ ಹೊಗೆಯಾಡುವಷ್ಟು ಬಿಸಿಯಾಗಬಹುದು. ಕಸದ ಬುಟ್ಟಿಗೆ ಎಸೆಯದೆ ಅಂಗಳದಲ್ಲಿ ತಣಿಯಲು ಬಿಡಿ.

ಕೊನೆಗೆ ಅಚ್ಚಿನ ಬೆನ್ನಿಗೆ ಮರದ ರೀಪರ್ ಇಟ್ಟು ಮ್ಯಾಟಿನಿಂದ ಬಂಧಿಸಿ. ಒಂದು ವಾರ ಮುಟ್ಟಬೇಡಿ. ಆಮೇಲೆ ಅಂಚಿನಲ್ಲಿ ಪ್ಲಾಸ್ಟಿಕ್ ಬೆಣೆ ತೂರಿಸಿ, ಸಂದಿಗೆ ನೀರು ಬಿಡಿ. ಪಿವಿಎ ನೀರಿಗೆ ಕರಗುತ್ತದೆ. ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದರೆ 'ಟಪ್' ಎಂದು ಬಿಡುತ್ತದೆ. ಆ ಸದ್ದಿಗೆ ಮನೆಯವರೆಲ್ಲ ಹೊರಗೆ ಓಡಿಬಂದಿದ್ದರು.

ಹೊಸ ಬಾನೆಟ್

ಅಚ್ಚಿನ ಒಳಮೈಯನ್ನು 400ರಿಂದ 1000 ನಂಬರಿನ ವಾಟರ್ ಪೇಪರಿನಿಂದ (ನೀರು ಹಾಕಿ ಉಜ್ಜುವ ಮರಳು ಕಾಗದ) ತಿಕ್ಕಿ. ಮತ್ತೆ ವ್ಯಾಕ್ಸ್, ಮತ್ತೆ ಪಿವಿಎ. ನಂತರ ಜೆಲ್‌ಕೋಟ್, 300ರ ಒಂದು ಪದರ, 450ರ ಎರಡು. ದಪ್ಪ ಸುಮಾರು 3 ಮಿಲಿಮೀಟರ್ ಬರುತ್ತದೆ.

ಇಷ್ಟೇ ಆದರೆ ಹಪ್ಪಳದ ಹಾಗೆ ಬಳುಕುತ್ತದೆ. ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ಲೂವರಿನ ಜಾಗ ಬಿಟ್ಟು ಕವುಚಿ, ಮೇಲೆ ಎರಡು ಪದರ ಮ್ಯಾಟ್ ಹೊದಿಸಿ. ಪೈಪ್ ಒಳಗೇ ಉಳಿಯಲಿ. ಶಕ್ತಿ ಕೊಡುವುದು ಅದರ ಮೇಲಿನ ಕಮಾನು. ಹಿಂಜ್ ಮತ್ತು ಲಾಕ್ ಬರುವಲ್ಲಿ 3 ಮಿಲಿಮೀಟರ್ ಉಕ್ಕಿನ ಪ್ಲೇಟನ್ನು ಪದರಗಳ ನಡುವೆ ಹುದುಗಿಸಿ. ರೆಸಿನ್ ಕಚ್ಚಿಕೊಳ್ಳಲು ಪ್ಲೇಟಿನ ಅಂಚಿಗೆ ಸಣ್ಣ ತೂತುಗಳಿರಲಿ. ಪ್ಲೇಟ್ ಸ್ವಲ್ಪ ದೊಡ್ಡದೇ ಇರಲಿ, ಬೋಲ್ಟಿನ ತೂತನ್ನು ಕಾರಿನ ಮೇಲೆ ಇಟ್ಟ ಮೇಲೆ ಕೊರೆಯಿರಿ. ಕಮಾನುಗಳು ಪೂರ್ತಿ ಗಟ್ಟಿಯಾದ ಮೇಲೆಯೇ ಅಚ್ಚಿನಿಂದ ತೆಗೆಯಿರಿ.

ಲೂವರಿನ ಎತ್ತರದ ಹಿಂಬದಿ ಗೋಡೆಯನ್ನು ಮಾತ್ರ ಕತ್ತರಿಸಬೇಕು. ಎರಡು ತುದಿಗೆ ತೂತು ಕೊರೆದು, ನಡುವೆ ಹ್ಯಾಕ್ಸಾ ಬ್ಲೇಡ್ ಆಡಿಸಿ, ಅರದಿಂದ ನುಣುಪು ಮಾಡಿ. ಈ ಧೂಳು ಮೈಯೆಲ್ಲ ನವೆ ತರಿಸುತ್ತದೆ. ತುಂಬುತೋಳಿನ ಅಂಗಿ ಹಾಕಿ, ತೋಳಿಗೆ ಟಾಲ್ಕಮ್ ಪೌಡರ್ ಹಚ್ಚಿಕೊಳ್ಳಿ, ಸ್ನಾನ ತಣ್ಣೀರಿನಲ್ಲಿ ಮಾಡಿ. ಬಿಸಿನೀರಲ್ಲಿ ಮಾಡಿದ ದಿನ ರಾತ್ರಿಯಿಡೀ ಕೆರೆದುಕೊಂಡೆ.

ಪೇಂಟಿಗೆ ಮೊದಲು ಎರಡು ವಾರ ಬಿಸಿಲಲ್ಲಿ ಬಿಡಿ, ಸೊಟ್ಟಗಾಗದಂತೆ ಆಧಾರ ಕೊಟ್ಟು. ಪಿವಿಎಯನ್ನು ನೀರಿನಿಂದ, ವ್ಯಾಕ್ಸನ್ನು ವ್ಯಾಕ್ಸ್ ರಿಮೂವರಿನಿಂದ ಒರೆಸಿ. ವ್ಯಾಕ್ಸ್ ಉಳಿದರೆ ಪೇಂಟ್ ಅಲ್ಲಲ್ಲಿ ಸಣ್ಣ ಗುಳಿ ಬಿದ್ದು ಕಣ್ಣು ಬಿಡುತ್ತದೆ. ಆಮೇಲೆ ಎಪಾಕ್ಸಿ ಪ್ರೈಮರ್, ಬಣ್ಣ. ಈ ರೆಸಿನ್ ಬೆಂಕಿಗೆ ಉರಿಯುವ ವಸ್ತು. ಒಳಮೈಗೆ, ಎಕ್ಸಾಸ್ಟ್ ಇರುವ ಕಡೆ, ಅಲ್ಯುಮಿನಿಯಂ ಹಾಳೆಯ ಹೀಟ್ ಶೀಲ್ಡ್ ಅಂಟಿಸಿ. ಕಾರಿನಲ್ಲಿ ಅಗ್ನಿಶಾಮಕ ಇರಲಿ.

ಕೂರಿಸುವಾಗ ಲಾಕಿನ ಎರಡನೇ ಕೊಂಡಿಯನ್ನು ಮರೆಯಬೇಡಿ. ಹಗುರ ಬಾನೆಟ್ ಓಡುವಾಗ ಗಾಳಿಗೆ ಎದ್ದರೆ ನೇರ ಗಾಜಿಗೆ ಬಡಿಯುತ್ತದೆ. ನಾನು ಮುಂದಿನ ಎರಡು ಮೂಲೆಗೂ ಬಾನೆಟ್ ಪಿನ್ ಹಾಕಿದ್ದೇನೆ. ಅಂದ ಕೆಡಿಸಿತು ಎಂದು ಮಗಳ ದೂರು. ಇರಲಿ. ಮೊದಲು ಊರೊಳಗೆ ಮೆಲ್ಲಗೆ ಓಡಿಸಿ, ನಿಲ್ಲಿಸಿ, ಪ್ಲೇಟಿನ ಸುತ್ತ ಕೂದಲೆಳೆಯ ಬಿರುಕು ಇದೆಯೇ ನೋಡಿ. ಆಮೇಲೆ ಹೆದ್ದಾರಿ.

ಹಳೆ ಬಾನೆಟ್ಟಿನ ಬೆಣೆಗಳನ್ನು ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ ಬಿಡಿಸಿ. ಒಳಮೈಗೆ ಗ್ರೀಸ್ ಒರೆಸಿ, ಹಳೆ ಬೆಡ್‌ಶೀಟ್ ಸುತ್ತಿ, ನೆಲದ ತೇವ ತಾಗದಂತೆ ಹಲಗೆಯ ಮೇಲೆ ನಿಲ್ಲಿಸಿಡಿ. ನನ್ನದು ಅಟ್ಟದ ಮೇಲಿದೆ. ಅಚ್ಚು ಅದರ ಪಕ್ಕದಲ್ಲೇ ಇದೆ, ಪಕ್ಕದ ಬೀದಿಯ ಅಂಬಾಸಿಡರ್ ಮಾಲೀಕರು ಆಗಲೇ ಎರಡು ಸಲ ಬಂದು ನೋಡಿಹೋಗಿದ್ದಾರೆ.