ಹಳೇ ಲಾನಿಗೆ ಹೊಸ ಹುಲ್ಲು ಕೂಡಿಸಿದ್ದು

ಕೊಪ್ಪಳದ ನಮ್ಮ ಮನೆ ಮುಂದಿನ ಲಾನು ಬರ್ಮುಡಾ ಹುಲ್ಲಿನದು. ಗಣಪತಿಗೆ ಏರಿಸುವ ಕರಿಕೆಯ ಜಾತಿಯೇ ಅದು. ಪಕ್ಕದ ತಗಡಿನ ಶೆಡ್ ಕೆಡವಿದ ಮೇಲೆ ಒಂದು ಕೋಣೆಯಷ್ಟು ಜಾಗ ಬೋಳಾಗಿ ಉಳಿಯಿತು. ಅಲ್ಲಿಗೂ ಹುಲ್ಲು ಬೇಕು, ಆದರೆ ತೇಪೆ ಹಾಕಿದ ಹಾಗೆ ಕಾಣಬಾರದು.

"ಮ್ಯಾಟ್ ತಂದು ಹಾಸಿಬಿಡ್ರಿ ಸರ, ಒಂದು ದಿನದಾಗ ಮುಗೀತದ" ಅಂದ ಮಾಲಿ. ನರ್ಸರಿಯಲ್ಲಿ ಇದ್ದದ್ದು ಮೆಕ್ಸಿಕನ್ ಹುಲ್ಲಿನ ಮ್ಯಾಟ್. ಚೆಂದದ ಹುಲ್ಲೇ, ಆದರೆ ದಟ್ಟ, ನಿಧಾನ ಹಬ್ಬುವಂಥದ್ದು. ಕರಿಕೆ ಪಕ್ಕ ಹಾಸಿದರೆ ಎಷ್ಟು ಕತ್ತರಿಸಿದರೂ ಗೆರೆ ಕಾಣುತ್ತದೆ. ನಮ್ಮ ಲಾನಿನಿಂದಲೇ ಸಸಿ ಕೀಳೋಣ ಅಂದೆ.

ನಿಜವಾದ ಕೆಲಸ ಮಣ್ಣಿನದು. ಲಾನು ಇರುವುದು ಮಸಾರಿ, ಅಂದರೆ ಕೆಂಪು ಮಣ್ಣಿನ ಮೇಲೆ, ಶೆಡ್ ಇದ್ದ ಕಡೆ ಪೂರ್ತಿ ಎರೆ, ಅಂದರೆ ಕಪ್ಪು ಮಣ್ಣು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಾಯಿ ಬಿಡುತ್ತದೆ. ಎರಡು ಮಣ್ಣು ಕೂಡುವ ಕಡೆಯೇ ಬಿರುಕು ಬಿದ್ದರೆ ಮೇಲಿನ ಹುಲ್ಲು ಏನು ಮಾಡೀತು? ಅರ್ಧ ಅಡಿಗಿಂತ ಜಾಸ್ತಿ ಎರೆ ತೆಗೆಸಿದೆ. ಮಸಾರಿ, ಉಸುಕು, ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ ಬೆರೆಸಿ ತುಂಬಿಸಿದೆ. ನೀರು ಬಿಟ್ಟು ಮಣ್ಣು ಕೂರಲು ಬಿಟ್ಟೆ. ಕುಸಿದ ಕಡೆ ಮತ್ತೆ ಮಣ್ಣು ಹಾಕಿ, ಹಳೇ ಹುಲ್ಲಿನ ಬುಡಕ್ಕೆ ಸಮ ಮಾಡಿಸಿದೆ.

ಹೀಗೆ ನೀರು ಬಿಟ್ಟಿದ್ದಕ್ಕೆ ಜೇಕು ಕಳೆಯೂ ಎದ್ದಿತು. ಒಳ್ಳೆಯದೇ ಆಯಿತು. ನಾಟಿಗೆ ಮೊದಲೇ ಗಡ್ಡೆ ಸಮೇತ ಅಗೆದು ತೆಗೆಯಬಹುದು. ಮೇಲಿನ ಎಲೆ ಮಾತ್ರ ಕಿತ್ತರೆ ಗಡ್ಡೆಯಿಂದ ಮತ್ತೆ ಚಿಗುರುತ್ತದೆ.

ಮಿರಗದ ಮಳೆ ಬಿದ್ದ ಮೇಲೆ ನಾಟಿ. ಹಳೇ ಲಾನಿನ ಅಂಚನ್ನು ನೆಟ್ಟಗೆ ಬಿಡಲಿಲ್ಲ. ಸಲಿಕೆಯಿಂದ ಹಲ್ಲು ಹಲ್ಲಾಗಿ ಕತ್ತರಿಸಿ, ಆ ಸಂದುಗಳಲ್ಲಿ ಹೊಸ ಸಸಿ ಒತ್ತಾಗಿ ಕೂಡಿಸಿದೆ. ನಡುವಿನ ಜಾಗದಲ್ಲಿ ಅರ್ಧ ಗೇಣಿಗೊಂದು ಸಾಕು, ಕರಿಕೆ ತಾನೇ ಬಳ್ಳಿ ಬಿಟ್ಟು ತುಂಬುತ್ತದೆ. ಕಣ್ಣು ಹೋಗುವುದು ಅಂಚಿಗೇ ಅಲ್ವಾ, ಅದಕ್ಕೇ ಅಲ್ಲಿ ಕೈ ಬಿಗಿ ಹಿಡಿಯಬಾರದು. ಸಸಿಗಳನ್ನು ಒಂದೇ ಕಡೆ ಕೀಳದೆ ಲಾನಿನ ತುಂಬ ಅಲ್ಲಲ್ಲಿ ಕಿತ್ತೆವು. ಗುಂಡಿಗೆ ಅದೇ ಬೆರಕೆ ಮಣ್ಣು ಹಾಕಿದೆವು. ಆಮೇಲೆ ಹಳೇದು ಹೊಸದು ಅನ್ನದೆ ಎಲ್ಲದರ ಮೇಲೂ ತೆಳುವಾಗಿ ಅದನ್ನೇ ಎರಚಿದೆವು. ಬೇರು ಹಿಡಿದ ಮೇಲೆ ಎರಡೂ ಕಡೆ ಒಂದೂವರೆ ಇಂಚಿಗೆ ಕತ್ತರಿಸುತ್ತ ಬಂದೆ.

ಹುಲ್ಲು ಕೂಡಿತು, ಬಣ್ಣ ಕೂಡಲಿಲ್ಲ. ಹೊಸ ಎಲೆಯಲ್ಲಿ ನರ ಹಸಿರು, ಉಳಿದದ್ದು ಹಳದಿ. ಮಾಲಿ ಯೂರಿಯಾ ಹಾಕ್ರಿ ಅಂದ. ಆದರೆ ಇದು ಕಬ್ಬಿಣದ ಕೊರತೆಯ ಗುರುತು. ಕೆಳಗಿನ ಎರೆಯಲ್ಲಿ ಸುಣ್ಣದ ಅಂಶ, ಮೇಲೆ ಬೋರ್‌ವೆಲ್‌ನ ಗಡಸು ನೀರು. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ ಸಂಜೆ ಹೊತ್ತು ಸಿಂಪಡಿಸಿದ ಮೇಲೆ ಬಣ್ಣ ತಿರುಗಿತು. ಅದು ಫರ್ಸಿ ಮೇಲೆ ಬಿದ್ದರೆ ತುಕ್ಕಿನ ಕಲೆ ಕೂರುತ್ತದೆ, ಕೂಡಲೇ ತೊಳೆಯಿರಿ.

ಬೇವಿನ ಮರದ ಬುಡದಲ್ಲಿ ಮಾತ್ರ ಕರಿಕೆ ಹಿಡಿಯಲಿಲ್ಲ. ನೆರಳು ಅದಕ್ಕೆ ಆಗಿಬರುವುದಿಲ್ಲ. ಸುಮ್ನೆ ಗುದ್ದಾಡದೆ ಅಷ್ಟು ಜಾಗಕ್ಕೆ ಶಹಾಬಾದ್ ಕಲ್ಲು ಹಾಸಿಸಿದೆ.