ರೈಲು ಹತ್ತದವರನ್ನೂ ಎಣಿಸಿದೆವು

ಬೆಂಗಳೂರಿನಲ್ಲಿದ್ದ ಎರಡು ವರ್ಷ ನನ್ನದು ತಲೆ ಎಣಿಸುವ ಕೆಲಸ. ಬೆಳಗಿನ ಐದೂವರೆಗೆಲ್ಲ ಯಶವಂತಪುರ, ಬಾಣಸವಾಡಿ ಇಲ್ಲವೇ ಹೀಲಲಿಗೆ ಸ್ಟೇಷನ್ನಿನಲ್ಲಿ ನಿಂತಿರಬೇಕು. ಹಾಳೆಯಲ್ಲಿ ಮೂರು ಕಲಂ: ಹತ್ತಿದವರು, ಇಳಿದವರು, ಸ್ಟೇಷನ್ನಿಗೆ ಹೇಗೆ ಬಂದರು. ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹಾಕುವುದು. ನನಗೆ ಕೆಲಸ ಕಲಿಸಿದ್ದು ಮೂರನೇ ಕಲಂ. ನಡೆದು ಬಂದವನು ದಿನಾ ಬರುತ್ತಾನೆ. ಎರಡು ಬಸ್ಸು ಬದಲಿಸಿ ಬಂದವನು ಒಂದು ವಾರ ಬಂದು ಬೈಕ್ ಕೊಳ್ಳುವ ಲೆಕ್ಕ ಹಾಕುತ್ತಾನೆ.

ಬೆಂಗಳೂರಿನ ಉಪನಗರ ರೈಲಿಗೆ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದ್ದು 2020ರ ಅಕ್ಟೋಬರಿನಲ್ಲಿ, ಶಂಕುಸ್ಥಾಪನೆ 2022ರ ಜೂನಿನಲ್ಲಿ. ಒಟ್ಟು 148 ಕಿಲೋಮೀಟರು, ನಾಲ್ಕು ಮಾರ್ಗ: ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಮೊದಲು ಕೆಲಸ ಶುರುವಾದದ್ದು ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರದ ಮಲ್ಲಿಗೆ ಮಾರ್ಗದಲ್ಲಿ, ಅದು 25 ಕಿಲೋಮೀಟರು. ಹಳಿ ಇದ್ದೇ ಇದೆಯಲ್ಲ, ಉಪನಗರ ರೈಲಿಗೆ ಮತ್ತೆ ಬೇರೆ ಹಳಿ ಯಾಕೆ ಎಂದು ಹಲವರು ಕೇಳುತ್ತಾರೆ. ಪ್ಲಾಟ್‌ಫಾರ್ಮಿನಲ್ಲಿ ಒಂದು ಬೆಳಿಗ್ಗೆ ನಿಂತರೆ ಗೊತ್ತಾಗುತ್ತದೆ. ಎಕ್ಸ್‌ಪ್ರೆಸ್ ಬಂದರೆ ಲೋಕಲ್ ಪಕ್ಕದ ಹಳಿಯಲ್ಲಿ ಕಾಯಬೇಕು. ಹತ್ತು ನಿಮಿಷ ತಡವಾದರೂ ಆಫೀಸಿಗೆ ಹೋಗುವವನ ನಂಬಿಕೆ ಹೋಯಿತು.

ಗಂಗಾವತಿಗೆ ವಾಪಸಾದ ಮೇಲೆ ಅದೇ ಹಾಳೆ ಹಿಡಿದು ನಮ್ಮ ಸ್ಟೇಷನ್ನಿಗೆ ಹೋದೆ. ಅದು ಇರುವ ಗಿಣಿಗೇರಾ–ಮಹಬೂಬ್‌ನಗರ ಮಾರ್ಗ ಮಂಜೂರಾದದ್ದು 1997–98ರಲ್ಲಿ, ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ಇಷ್ಟು ಕಾದು ಸಿಕ್ಕ ಹಳಿಯ ಮೇಲೆ ದಿನಾ ಓಡಾಡುವವರಿಗೆ ಕೆಲಸಕ್ಕೆ ಬರುವಂಥ ರೈಲು ಓಡಬೇಕು ಅನ್ನುವುದು ನನ್ನ ಹಟ. ಗೆಳೆಯರಿಬ್ಬರು ಜೊತೆಯಾದರು.

ಎಣಿಸುವ ದಿನ ಆರಿಸುವುದೇ ಅರ್ಧ ಕೆಲಸ. ಹುಣ್ಣಿಮೆ ಬಿಟ್ಟೆವು, ಹುಲಿಗಿಗೆ ಹುಲಿಗೆಮ್ಮನ ಭಕ್ತರು ತುಂಬಿರುತ್ತಾರೆ. ಶನಿವಾರ ಬಿಟ್ಟೆವು, ಅವತ್ತು ಅಂಜನಾದ್ರಿಯ ಜನ. ಸೋಮವಾರ ಊರಿನಿಂದ ಕೆಲಸಕ್ಕೆ ಮರಳುವವರ ನೂಕುನುಗ್ಗಲು. ಉಳಿದದ್ದು ಮಂಗಳ, ಬುಧ, ಗುರುವಾರ. ಮೂರು ವಾರ ಎಣಿಸಿ, ಲೆಕ್ಕವನ್ನು ನೀಟಾಗಿ ಬರೆದು ಒಂದು ಕಚೇರಿಗೆ ಕೊಟ್ಟೆವು. ಅಲ್ಲಿದ್ದವರು ಹಾಳೆ ತಿರುವಿ, "ಹತ್ತಿದವರದು ನಮ್ಮತ್ರಾನೂ ಐತಿ. ಹತ್ತದವರು ಎಷ್ಟು ಮಂದಿ?" ಅಂದರು.

ಆ ಮಾತು ಸರಿಯಾಗಿತ್ತು. ಈಗಿನ ರೈಲಿನಲ್ಲಿ ಇರುವವರನ್ನಷ್ಟೇ ಎಣಿಸಿ ಇನ್ನೊಂದು ರೈಲು ಕೇಳಲು ಹೋಗಿದ್ದೆ. ಬೆಂಗಳೂರಿನಲ್ಲಿ ಬಸ್ ನಿಲ್ದಾಣಗಳಲ್ಲೂ ಎಣಿಸುವ ತಂಡವೊಂದಿತ್ತು, ಅದು ಯಾಕೆಂದು ಆಗ ಕೇಳಿರಲಿಲ್ಲ.

ಮುಂದಿನ ಸಲ ಗಂಗಾವತಿ ಬಸ್ ನಿಲ್ದಾಣದಲ್ಲಿ ನಿಂತೆವು. ಕೊಪ್ಪಳದ ಬಸ್ಸು ಹತ್ತುವವರನ್ನು ತಡೆದು ಎರಡೇ ಪ್ರಶ್ನೆ: ಎಷ್ಟೊತ್ತಿಗೆ ಮುಟ್ಟಬೇಕು, ರೈಲು ಯಾಕೆ ಬೇಡ. ಕಾಲೇಜಿನ ಹುಡುಗಿಯರು, ಗಿಣಿಗೇರಾ ಕಡೆಯ ಕಾರ್ಖಾನೆಗಳಿಗೆ ಪಾಳಿ ಮೇಲೆ ಹೋಗುವವರು, ಜಿಲ್ಲಾ ಕಚೇರಿಗೆ ಹೋಗುವವರು. ಟಿಕೆಟ್ ದುಬಾರಿ ಎಂದವರು ಒಬ್ಬರೂ ಇಲ್ಲ. ಕಾಯಿಪಲ್ಲೆ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಜ್ಜಿ ಹೇಳಿದ್ದನ್ನು ಹಾಗೇ ಬರೆದುಕೊಂಡೆ: "ರೈಲು ಬರೂದ್ರಾಗ ನಮ್ಮ ಪ್ಯಾಟಿನ ಮುಗದಿರತೈತಿ ತಮ್ಮಾ. ಖಾಲಿ ಬುಟ್ಟಿ ತಗೊಂಡು ಹತ್ತಲೇನು?"

ಹೀಗಾಗಿ ಮನವಿಯನ್ನು ಹೊಸದಾಗಿ ಬರೆದೆವು. ಹೆಚ್ಚು ರೈಲು ಕೊಡಿ ಎಂಬ ಸಾಲು ತೆಗೆದುಹಾಕಿದೆವು. ಪಾಳಿ ಶುರುವಾಗುವ ಮುಂಚೆ ಗಿಣಿಗೇರಾ, ಕಾಲೇಜಿನ ಗಂಟೆಗೆ ಮುಂಚೆ ಕೊಪ್ಪಳ ಮುಟ್ಟುವ ಒಂದು ಡೆಮು, ಅಂದರೆ ಡೀಸೆಲ್ ಲೋಕಲ್ ರೈಲು, ಸಾಕು ಎಂದು ಕೇಳಿದೆವು. ಡೆಮುವಿಗೆ ವಿದ್ಯುತ್ ತಂತಿ ಬೇಡ, ಎರಡೂ ತುದಿಗೆ ಚಾಲಕನ ಕೋಣೆ ಇರುತ್ತದೆ. ಕೊನೇ ಸ್ಟೇಷನ್ನಿನಲ್ಲಿ ಎಂಜಿನ್ ಬಿಚ್ಚಿ ಆಚೆ ಕಟ್ಟುವ ಹೊತ್ತು ಉಳಿಯುತ್ತದೆ. ಜೊತೆಗೆ ಬಸ್ ನಿಲ್ದಾಣದಿಂದ ಸ್ಟೇಷನ್ನಿಗೆ ನಡೆಯಲು ಹಿಡಿಯುವ ಹೊತ್ತನ್ನೂ ಗಡಿಯಾರ ನೋಡಿ ಬರೆದೆವು, ಬಿಸಿಲಲ್ಲಿ ಬುಟ್ಟಿ ಹೊತ್ತವರ ನಡಿಗೆಯಲ್ಲಿ.

ಮನವಿ ಈಗ ಅದೇ ಕಚೇರಿಯಲ್ಲಿದೆ. ಕಾರಟಗಿ ಬಸ್ ನಿಲ್ದಾಣದ ಎಣಿಕೆ ಬಾಕಿ ಇದೆ, ಭತ್ತದ ಕೊಯ್ಲು ಮುಗಿದ ಮರುವಾರ ಹೋಗುತ್ತೇವೆ.