ಚಿಕುನ್‌ಗುನ್ಯಾ ಜ್ವರ ಬಿಟ್ಟಿತು, ಗಂಟು ನೋವು ಬಿಡಲಿಲ್ಲ: ಈಗೇನು ಮಾಡಬೇಕು?

ಜ್ವರ ಇಳಿದು ವಾರವೇ ಆಗಿರುತ್ತದೆ. ಆದರೂ ಬೆಳಗ್ಗೆ ಎದ್ದಾಗ ಪೇಸ್ಟಿನ ಮುಚ್ಚಳ ತಿರುಗಿಸಲು ಬೆರಳು ಬಗ್ಗುವುದಿಲ್ಲ. ಮಂಚದಿಂದ ಕಾಲು ಕೆಳಗಿಟ್ಟರೆ ಹಿಮ್ಮಡಿಯಲ್ಲಿ ಚುಳ್ಳೆನ್ನುತ್ತದೆ. ಗೋಡೆ ಹಿಡಿದುಕೊಂಡೇ ಬಚ್ಚಲಿಗೆ ಹೋಗಬೇಕು. ಹತ್ತು ಗಂಟೆ ಹೊತ್ತಿಗೆ ಮೈ ಸ್ವಲ್ಪ ಸಡಿಲವಾಗುತ್ತದೆ. ಆಗ ಮನೆಯವರು ‘ಈಗ ಚೆನ್ನಾಗೇ ಓಡಾಡ್ತಿದ್ದೀರಲ್ಲ’ ಅನ್ನುತ್ತಾರೆ. ನೋವಿಗಿಂತ ಆ ಮಾತೇ ಜಾಸ್ತಿ ಚುಚ್ಚುತ್ತದೆ.

ಈ ನೋವು ನಿಜ. 2006ರಲ್ಲಿ ದೇಶದಲ್ಲಿ ಸುಮಾರು 13.9 ಲಕ್ಷ ಶಂಕಿತ ಚಿಕುನ್‌ಗುನ್ಯಾ ಪ್ರಕರಣಗಳಿದ್ದವು. ಅದರಲ್ಲಿ 7.5 ಲಕ್ಷ ನಮ್ಮ ಕರ್ನಾಟಕದವೇ. ಆ ವರ್ಷ ಮಲಗಿದ್ದ ಹಿರಿಯರನ್ನು ಕೇಳಿ ನೋಡಿ. ಜ್ವರ ಎಷ್ಟು ದಿನ ಇತ್ತು ಅನ್ನುವುದು ಅವರಿಗೆ ಮರೆತಿರಬಹುದು, ಗಂಟು ನೋವು ಮರೆತಿರುವುದಿಲ್ಲ. ರಕ್ತದಲ್ಲಿದ್ದ ವೈರಸ್ ಕೆಲವೇ ದಿನಗಳಲ್ಲಿ ಹೋಗುತ್ತದೆ. ಆದರೆ ಅದರ ಮೇಲೆ ಯುದ್ಧಕ್ಕೆ ಇಳಿದ ನಮ್ಮದೇ ರೋಗನಿರೋಧಕ ವ್ಯವಸ್ಥೆ ಕೆಲವರಲ್ಲಿ ಬೇಗ ತಣ್ಣಗಾಗುವುದಿಲ್ಲ. ಕೀಲಿನ ಒಳಪದರದಲ್ಲಿ ಉರಿಯೂತ ಉಳಿದುಬಿಡುತ್ತದೆ. ಹೆಂಗಸರಿಗೆ, 45 ದಾಟಿದವರಿಗೆ, ಮೊದಲೇ ಮಂಡಿ ನೋವಿದ್ದವರಿಗೆ, ಜ್ವರದಲ್ಲಿ ಕೀಲು ತುಂಬಾ ಬಾಧಿಸಿದವರಿಗೆ ಇದು ಹೆಚ್ಚು.

ಮೊದಲು ತಾರೀಕು ಬರೆದಿಡಿ

ಜ್ವರ ಶುರುವಾದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಮುಂದಿನ ಲೆಕ್ಕವೆಲ್ಲ ಅಲ್ಲಿಂದಲೇ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ 2005–06ರಲ್ಲಿ ಮೂರರಲ್ಲಿ ಒಬ್ಬರಿಗೆ ಈ ಜ್ವರ ಬಂತು. ಎಷ್ಟೋ ಜನರಿಗೆ ಎರಡು ವರ್ಷ ಕಳೆದರೂ ನೋವಿತ್ತು. ಫ್ರೆಂಚ್ ವೈದ್ಯರು ಆಮೇಲೆ ಕಾಯಿಲೆಯನ್ನು ಮೂರು ಹಂತ ಮಾಡಿದರು: ಮೊದಲ ಮೂರು ವಾರ, ಅಲ್ಲಿಂದ ಮೂರು ತಿಂಗಳು ತುಂಬುವವರೆಗೆ, ಆಮೇಲಿನದು. ಯಾವ ಹಂತದಲ್ಲಿದ್ದೀರಿ ಅನ್ನುವುದರ ಮೇಲೆ ಔಷಧಿ ಬದಲಾಗುತ್ತದೆ.

ಒಂದು ನೋಟ್‌ಬುಕ್ಕಿನಲ್ಲಿ ದಿನಾ ಎರಡೇ ಸಾಲು ಬರೆಯಿರಿ. ಯಾವ ಕೀಲು ನೋಯುತ್ತಿದೆ, ಊದಿದೆಯೇ? ಬೆಳಗಿನ ಬಿಗಿತ ಎಷ್ಟು ಹೊತ್ತಿಗೆ ಬಿಟ್ಟಿತು? ಎರಡನೆಯದು ತುಂಬಾ ಮುಖ್ಯ. ಅರ್ಧ ಗಂಟೆಗೂ ಮೀರಿ ಬಿಗಿತ ಇದ್ದರೆ ಅದು ಬರೀ ಸುಸ್ತಲ್ಲ, ಒಳಗೆ ಉರಿಯೂತ ಇರಬಹುದು. ಡಾಕ್ಟರು ಮೊದಲು ಕೇಳುವುದೂ ಇದನ್ನೇ.

ರಕ್ತ ಪರೀಕ್ಷೆಯ ರಿಪೋರ್ಟ್ ಎಸೆಯಬೇಡಿ. ಜ್ವರದ ಮೊದಲ ವಾರದಲ್ಲಿ ವೈರಸ್ಸನ್ನೇ ಹುಡುಕುವ ಆರ್‌ಟಿ–ಪಿಸಿಆರ್, ಐದಾರು ದಿನ ಕಳೆದ ಮೇಲೆ ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆ ಹೆಚ್ಚು ನಂಬಿಕೆಗೆ ಯೋಗ್ಯ. ಎರಡನೇ ದಿನವೇ ಐಜಿಎಂ ಮಾಡಿಸಿ ‘ನೆಗೆಟಿವ್’ ಬಂದಿದ್ದರೆ ಅದನ್ನೇ ಕೊನೆಯ ಮಾತು ಅಂದುಕೊಳ್ಳಬೇಡಿ.

ಮೂರು ವಾರದೊಳಗೆ: ಪ್ಯಾರಾಸಿಟಮಾಲ್, ತಾಳ್ಮೆ

ಚಿಕುನ್‌ಗುನ್ಯಾ ತರುವ ಸೊಳ್ಳೆಯೇ ಡೆಂಗಿಯನ್ನೂ ತರುತ್ತದೆ. ಎರಡೂ ಒಟ್ಟಿಗೆ ಬರುವುದೂ ಉಂಟು. ಹಾಗಾಗಿ ಡೆಂಗಿ ಇಲ್ಲ ಅಂತ ಖಾತ್ರಿಯಾಗುವ ತನಕ ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫಿನ್ಯಾಕ್ ಮುಟ್ಟಬೇಡಿ, ರಕ್ತಸ್ರಾವದ ಭಯವಿದೆ. ಪ್ಯಾರಾಸಿಟಮಾಲ್ ಸಾಕು, ಅದೂ ಡಾಕ್ಟರು ಹೇಳಿದ ಲೆಕ್ಕದಲ್ಲಿ.

ಇಲ್ಲಿ ನಾನು ಕೈ ಮುಗಿದು ಕೇಳುವುದು ಒಂದಿದೆ. ‘ಒಂದು ಇಂಜೆಕ್ಷನ್ ಹಾಕಿಸ್ಕೊಳ್ಳಿ, ನಾಳೆನೇ ಓಡಾಡ್ತೀರಿ’ ಅಂತ ಯಾರಾದರೂ ಅಂದರೆ, ಅದರಲ್ಲಿ ಸ್ಟೆರಾಯ್ಡ್ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಸ್ಟೆರಾಯ್ಡ್ ತಗೊಂಡರೆ ಮರುದಿನ ನಿಜಕ್ಕೂ ಓಡಾಡಬಹುದು. ನಿಲ್ಲಿಸಿದ ಮೇಲೆ ನೋವು ಇಮ್ಮಡಿಯಾಗಿ ಮರಳುವುದೂ ಉಂಟು. ಸಕ್ಕರೆ ಕಾಯಿಲೆ ಇದ್ದವರಿಗೆ ಶುಗರ್ ಏರುತ್ತದೆ. ಹೆಸರಿಲ್ಲದ ಪೊಟ್ಟಣದಲ್ಲಿ ಕೊಡುವ ‘ಗಂಟು ನೋವಿನ ಪುಡಿ’ಗಳಲ್ಲೂ ಇದನ್ನು ಬೆರೆಸಿರುವುದುಂಟು. ಸ್ಟೆರಾಯ್ಡ್ ಯಾವತ್ತೂ ಬೇಡವೇ ಬೇಡ ಅಂತಲ್ಲ. ಆದರೆ ಅದು ಸರಿಯಾದ ಹಂತದಲ್ಲಿ, ಡೋಸ್ ನೋಡಿ, ನಿಧಾನಕ್ಕೆ ಇಳಿಸುವ ಲೆಕ್ಕ ಹಾಕಿ ಕೊಡಬೇಕಾದ ಔಷಧಿ.

ಕೀಲು ಆಡಿಸುತ್ತಿರಿ

ಪೂರ್ತಿ ಮಲಗಿಬಿಟ್ಟರೆ ಬಿಗಿತ ಹೆಚ್ಚುತ್ತದೆ. ಊತವಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಡಿ. ಬರೀ ಬಿಗಿತವಿದ್ದರೆ ಉಗುರು ಬೆಚ್ಚಗಿನ ನೀರಿನ ಬಕೆಟ್ಟಿನಲ್ಲಿ ಕೈ ಮುಳುಗಿಸಿ. ನೀರಿನೊಳಗೇ ಮುಷ್ಟಿ ಕಟ್ಟಿ, ಬಿಚ್ಚಿ. ಹೆಬ್ಬೆರಳಿನಿಂದ ಉಳಿದ ನಾಲ್ಕೂ ಬೆರಳ ತುದಿ ಮುಟ್ಟಿ. ಕುರ್ಚಿಯ ಮೇಲೆ ಕೂತು ಪಾದ ಸುತ್ತಿಸಿ. ವ್ಯಾಯಾಮ ಮುಗಿಸಿ ಎರಡು ಗಂಟೆ ಆದರೂ ನೋವು ಮೊದಲಿಗಿಂತ ಜಾಸ್ತಿಯೇ ಇದ್ದರೆ ನಾಳೆ ಕಡಿಮೆ ಮಾಡಿ.

ಮನೆಯವರಿಗೊಂದು ಮಾತು. ಒದ್ದೆ ಬಟ್ಟೆ ಹಿಂಡುವುದು, ರೊಟ್ಟಿ ತಟ್ಟುವುದು, ತುಂಬಿದ ಕೊಡ ಎತ್ತುವುದು, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರುವುದು, ಈ ನಾಲ್ಕನ್ನು ಕೆಲ ವಾರ ನೋವಿರುವವರಿಂದ ಮಾಡಿಸಬೇಡಿ. ಮಣಿಕಟ್ಟು, ಮಂಡಿ ಎರಡಕ್ಕೂ ಅಷ್ಟು ಬಿಡುವು ಸಿಕ್ಕರೆ ತುಂಬಾ ಉಪಕಾರ.

ಮೂರು ತಿಂಗಳಾದರೂ ಹೋಗದಿದ್ದರೆ

ರುಮಟಾಲಜಿಸ್ಟ್ (ಕೀಲು, ಸಂಧಿವಾತದ ತಜ್ಞ ವೈದ್ಯರು) ಹತ್ತಿರ ಹೋಗಿ. ಊತ ಇಳಿಯದಿದ್ದರೆ ಮೂರು ತಿಂಗಳೂ ಕಾಯಬೇಕಿಲ್ಲ. ದೀರ್ಘಕಾಲದ ಚಿಕುನ್‌ಗುನ್ಯಾ ನೋವು ನೋಡಲು ರೋಗನಿರೋಧಕ ವ್ಯವಸ್ಥೆಯೇ ಕೀಲನ್ನು ಬಾಧಿಸುವ ರುಮಟಾಯ್ಡ್ ಸಂಧಿವಾತದ ತರಹವೇ ಇರುತ್ತದೆ. ಇಎಸ್‌ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್, ಆ್ಯಂಟಿ–ಸಿಸಿಪಿ ಎಂಬ ರಕ್ತ ಪರೀಕ್ಷೆಗಳನ್ನು ಬರೆಯುವುದು ಉರಿಯೂತ ಎಷ್ಟಿದೆ, ಎರಡರಲ್ಲಿ ಯಾವುದು ಅಂತ ತಿಳಿಯಲಿಕ್ಕೇ. ಉರಿಯೂತ ಕಂಡರೆ ಕೆಲವರಿಗೆ ಮೆಥೊಟ್ರೆಕ್ಸೇಟ್ ಕೊಡುತ್ತಾರೆ. ಇದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಮಾತ್ರೆ. ತಪ್ಪಿ ದಿನಾ ನುಂಗಿದರೆ ಜೀವಕ್ಕೇ ಅಪಾಯ. ‘ಪ್ರತಿ ಭಾನುವಾರ’ ಅಂತ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ಗರ್ಭಿಣಿಯರಿಗೆ, ಮಗು ಬೇಕೆಂದಿರುವವರಿಗೆ ಇದು ಸಲ್ಲದು, ಮೊದಲೇ ಹೇಳಿ.

ಕೀಲಿನಾಚೆ

ಮೂಗಿನ ಮೇಲೆ ಕಪ್ಪು ಬಣ್ಣ ಕಂಡರೆ ಗಾಬರಿ ಬೇಡ, ತಿಂಗಳುಗಳಲ್ಲಿ ತಿಳಿಯಾಗುತ್ತದೆ. ಎರಡು ಮೂರು ತಿಂಗಳ ನಂತರ ಕೂದಲು ಉದುರಿದರೂ ಸಾಮಾನ್ಯವಾಗಿ ಮತ್ತೆ ಬರುತ್ತದೆ. ಸುಸ್ತು, ನಿದ್ದೆಗೇಡು, ಮನಸ್ಸಿಗೆ ಮಂಕು ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಸುಮ್ನೆ ನುಂಗಿಕೊಳ್ಳಬೇಡಿ.

ಆದರೆ ಕಣ್ಣು ಕೆಂಪಾಗಿ ನೋವು ಬಂದರೆ, ಬೆಳಕು ಚುಚ್ಚಿದರೆ, ದೃಷ್ಟಿ ಮಬ್ಬಾದರೆ ಅದೇ ದಿನ ಕಣ್ಣಿನ ಡಾಕ್ಟರನ್ನು ಕಾಣಿ. ಕಣ್ಣಿನ ಒಳಗಿನ ಉರಿಯೂತ ಜ್ವರ ಹೋಗಿ ವಾರಗಳಾದ ಮೇಲೂ ಬರಬಹುದು. ಕಾಲಿನಲ್ಲಿ ಬಲ ಕಡಿಮೆಯಾಗಿ ಆ ನಿಶ್ಶಕ್ತಿ ಮೇಲೇರುತ್ತಿದ್ದರೆ, ಮಾತು ತೊದಲಿದರೆ, ಗೊಂದಲ ಕಂಡರೆ ನೇರ ದೊಡ್ಡಾಸ್ಪತ್ರೆಗೆ ಹೋಗಿ.

ಒಮ್ಮೆ ಚಿಕುನ್‌ಗುನ್ಯಾ ಬಂದವರಿಗೆ ಅದು ಮತ್ತೆ ಬರುವುದು ಅಪರೂಪ. ಡೆಂಗಿ ಹಾಗಲ್ಲ. ಅದರಲ್ಲಿ ನಾಲ್ಕು ಬಗೆಗಳಿವೆ, ಎರಡನೇ ಸಲ ಬೇರೆ ಬಗೆ ಬಂದರೆ ಜೋರಾಗುವ ಸಂಭವ ಹೆಚ್ಚು. ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಹೊಸದಾಗಿ ಜ್ವರ ಬಂದಿದ್ದರೆ ಮೊದಲ ವಾರ ಅವರಿಗೆ ಹಗಲಲ್ಲೂ ಸೊಳ್ಳೆ ಪರದೆ ಕಟ್ಟಿ. ಅವರನ್ನು ಕಚ್ಚಿದ ಸೊಳ್ಳೆಯಿಂದಲೇ ಉಳಿದವರಿಗೆ ಹರಡುವುದು, ಈ ಸೊಳ್ಳೆ ಹೆಚ್ಚಾಗಿ ಕಚ್ಚುವುದೂ ಹಗಲಲ್ಲಿ. ವಾರಕ್ಕೊಮ್ಮೆ ಡ್ರಮ್ಮು, ತೊಟ್ಟಿ ಖಾಲಿ ಮಾಡಿ. ಖಾಲಿ ಮಾಡಿದರಷ್ಟೇ ಸಾಲದು, ಒಳಗೋಡೆಯನ್ನು ಬ್ರಷ್ ಹಾಕಿ ಉಜ್ಜಿ. ನೀರಿನ ಅಂಚಿಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ, ಮತ್ತೆ ನೀರು ಬಿದ್ದ ಕೂಡಲೇ ಒಡೆಯುತ್ತದೆ.